ಮರೆಯದ ಚೌಕ

ಮನೆ, ಮಹಡಿಯ ಕೋಣೆ
ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಮಂಡಿ ಹೇಗಿದೆ? ಹೊಲಿಗೆ ಹಾಕಿದ ಜಾಗ ಇನ್ನೂ ಎಳೆಯುತ್ತಿದೆಯೇ? ಊಟ ಸಪ್ಪೆ ಎಂದು ಮುಖ ಸಿಂಡರಿಸುತ್ತೀಯಂತೆ. ನರ್ಸಾಗಿದ್ದಷ್ಟು ದಿನ ಊರಿಗೆಲ್ಲ ಅದೇ ಸಪ್ಪೆ ಊಟ ತಿನ್ನಿಸಿದವಳು ನೀನೇ ತಾನೇ, ಈಗ ಅನುಭವಿಸು! ನನಗೆ ನೆಗಡಿ, ಹೀಗೆ ಸೀನುತ್ತಾ ವಾರ್ಡಿಗೆ ಬಂದರೆ ನೀನೇ ಓಡಿಸುತ್ತೀಯ. ಒಳಗೆ ಫೋನ್ ಬೇರೆ ಬಿಡುವುದಿಲ್ಲ. ಅದಕ್ಕೇ ಅಣ್ಣನ ಕೈಯಲ್ಲಿ ಈ ಪತ್ರ. ಅವನು ಕೆಳಗೆ ಊಟಕ್ಕೆ ಕೂತಿದ್ದಾನೆ, ಇನ್ನೂ ಎದ್ದಿಲ್ಲ. ನಿನ್ನ ಮಗನ ಹೊಟ್ಟೆ ನಿನಗೆ ಗೊತ್ತಲ್ಲ.

ನನ್ನ ಆಫೀಸಿನ ಜಗಳ ಏನೆಂದು ಕೇಳಿದ್ದೆಯಂತೆ. ಆಸ್ಪತ್ರೆಗಳಿಗೆಂದು ಒಂದು ವೆಬ್ ಅಪ್ಲಿಕೇಶನ್ ಮಾಡುತ್ತಿದ್ದೇವೆ. ನರ್ಸಿನ ಕೈಯಲ್ಲೊಂದು ಟ್ಯಾಬ್. ಪರದೆಯಲ್ಲಿ ರೋಗಿಯ ಹೆಸರು, ಅದರ ಕೆಳಗೆ ಹಸಿರು ಚೌಕದಲ್ಲಿ ಔಷಧಿಯ ಪ್ರಮಾಣ. ಬೆರಳಲ್ಲಿ ಪಕ್ಕಕ್ಕೆ ಸರಿಸಿದರೆ ಮುಂದಿನ ಹಾಸಿಗೆ. ಪರದೆಯ ಇಂಥ ಒಂದೊಂದು ತುಣುಕಿಗೂ ಕಾಂಪೊನೆಂಟ್ ಅನ್ನುತ್ತೇವೆ. ಅವುಗಳಲ್ಲಿ ಎರಡು ಬಗೆ. ಸ್ಟೇಟ್‌ಲೆಸ್ ಅಂದರೆ ತನ್ನದೆಂದು ಏನನ್ನೂ ಇಟ್ಟುಕೊಳ್ಳದ್ದು. ಮೇಲಿನಿಂದ ಕೊಟ್ಟಿದ್ದನ್ನು ತೋರಿಸುತ್ತದೆ, ಕೊಡದಿದ್ದರೆ ಖಾಲಿ. ಸ್ಟೇಟ್‌ಫುಲ್ ಅಂದರೆ ಒಮ್ಮೆ ಸಿಕ್ಕಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವಂಥದ್ದು. ಅದೂ ಬೇಕು, ಇಲ್ಲವೆನ್ನುವುದಿಲ್ಲ. ನರ್ಸ್ ಅರ್ಧ ಬರೆದ ಟಿಪ್ಪಣಿ ನೆಟ್‌ವರ್ಕ್ ಹೋದ ಕೂಡಲೇ ಅಳಿಸಿಹೋದರೆ ಅವಳು ನಮಗೆ ಹಿಡಿಶಾಪ ಹಾಕುತ್ತಾಳೆ. ಆದರೆ ಔಷಧಿಯ ಚೌಕ ಯಾಕೆ ನೆನಪಿಟ್ಟುಕೊಳ್ಳಬೇಕು ಹೇಳು?

ವಾರ್ಡಿನವರೆಲ್ಲ ನಿನ್ನನ್ನು ಮರೆಗುಳಿ ಸಿಸ್ಟರ್ ಎಂದು ಆಡಿಕೊಳ್ಳುತ್ತಿದ್ದರಲ್ಲ. ತಿಂಗಳಿಂದ ಮಲಗಿದವರನ್ನೂ ದಿನಾ ಹೆಸರು ಕೇಳಿ, ಚಾರ್ಟನ್ನು ಹೊಸದಾಗಿ ಓದಿದ ಮೇಲೇ ನೀನು ಸೂಜಿ ಎತ್ತುತ್ತಿದ್ದದ್ದು. 'ಹಿಂದಿನ ಹಾಸಿಗೇನ ಅಲ್ಲೇ ಬಿಟ್ಟು ಬರ್ಬೇಕು ಕಣೇ' ಅನ್ನುತ್ತಿದ್ದೆ. ಆ ಚೌಕವೂ ನಿನ್ನ ಹಾಗೆ ಮರೆಗುಳಿಯಾಗಿರಲಿ ಎಂದು ನಾನು ಬಾಯಿ ಬಡಿದುಕೊಂಡೆ. ಯಾರು ಕೇಳುತ್ತಾರೆ! ನಮ್ಮ ಮುಖ್ಯಸ್ಥರು ಎಲ್ಲದಕ್ಕೂ 'ಆಗ್ಲಿ ಬಿಡಿ' ಅನ್ನುವವರು, ನಾವು ಇಟ್ಟ ಅಡ್ಡಹೆಸರೂ ಅದೇ. ಪ್ರತಿ ಸಲ ಸರ್ವರ್‌ನಿಂದ ತರುತ್ತಾ ಕೂತರೆ ನಿಧಾನವಾಗುತ್ತದೆ ಎಂದು ಚೌಕವನ್ನು ಸ್ಟೇಟ್‌ಫುಲ್ ಮಾಡಿಸಿದರು.

ಕಳೆದ ವಾರ ಪರೀಕ್ಷೆಗೆಂದು ಇಬ್ಬರು ಸುಳ್ಳು ರೋಗಿಗಳನ್ನು ಹುಟ್ಟಿಸಿದೆ. ದಪ್ಪಣ್ಣನಿಗೆ ನಲವತ್ತು ಯೂನಿಟ್ ಇನ್ಸುಲಿನ್, ಸಣ್ಣಕ್ಕನಿಗೆ ಆರು. ಬೆರಳು ಸರಿಸಿದೆ. ಹೆಸರು ಸಣ್ಣಕ್ಕನದಾಯಿತು, ಚೌಕದಲ್ಲಿ ನಲವತ್ತೇ ನಿಂತಿತ್ತು. ಪಟ್ಟಿಗೆ ಹಿಂದಿರುಗಿ ಮತ್ತೆ ತೆರೆದರೆ, ಏನೂ ಆಗಿಲ್ಲವೆಂಬಂತೆ ಆರು ತೋರಿಸಿತು. ಆರರ ಜಾಗದಲ್ಲಿ ನಲವತ್ತು ಚುಚ್ಚಿದರೆ ಸಕ್ಕರೆ ಇಳಿದು ಏನಾಗುತ್ತದೆಂದು ನಿನಗೇ ಗೊತ್ತು ಅಮ್ಮಾ. ಹೋಗಿ ಮುಖ್ಯಸ್ಥರಿಗೆ ಹೇಳಿದೆ. 'ಸರಿ ಮಾಡೋಣ, ಅಲ್ಲೀವರ್ಗೂ ಯಾವ ಆಸ್ಪತ್ರೆಗೂ ಹೋಗಲ್ಲ, ಆಗ್ಲಿ ಬಿಡಿ' ಎಂದರು. ಆ ಕೆಲಸ ಇನ್ನೂ ನನ್ನ ಮೇಜಿಗೆ ಬಂದಿಲ್ಲ. ಶುಕ್ರವಾರ ಆಫೀಸಿನಲ್ಲಿ ಅವರೇ ಸಿಹಿ ಹಂಚಿದರು. ಯಾಕೆಂದು ಕೇಳಿದೆ, ಅವರು ನನ್ನ ಮುಖ ನೋಡದೆ ಮುಂದಿನ ಮೇಜಿಗೆ ಹೋದರು. ನನಗೆ ಅದನ್ನು ಬಾಯಿಗಿಡಲು ಮನಸ್ಸಾಗಲಿಲ್ಲ, ಇನ್ನೂ ಚೀಲದಲ್ಲೇ ಇದೆ.

ಇರಲಿ, ನಾಳೆ ಬೆಳಿಗ್ಗೆ ಹೋಗಿ ಮತ್ತೆ ಜಗಳ ಆಡುತ್ತೇನೆ. ನೀನು ಬೇಗ ಎದ್ದು ಓಡಾಡುವಂತಾಗು. ನೀನಿಲ್ಲದ ಮನೆಯಲ್ಲಿ ಬೈಯುವವರಿಲ್ಲದೆ ನನಗೂ ಬೇಜಾರು. ನೋಯುವ ಮಂಡಿಗೂ ನೋಯದ ಮಂಡಿಗೂ ಒಂದೊಂದು ಮುತ್ತು.

ನಿನ್ನ ಬಾಯಿಬಡುಕಿ ಮಗಳು

ತಾ.ಕ.: ಅಮ್ಮಾ, ಇದನ್ನೇ ಮೊದಲು ಓದು. ಅಣ್ಣ ಚಪ್ಪಲಿ ಮೆಟ್ಟುತ್ತಾ ಈಗ ಹೇಳಿದ. ನಿಮ್ಮ ವಾರ್ಡಿಗೆ ನಿನ್ನೆ ಹೊಸ ಟ್ಯಾಬ್ ಬಂದಿದೆಯಂತೆ, ಹೆಸರಿನ ಕೆಳಗೆ ಹಸಿರು ಚೌಕ ಇದೆಯಂತೆ, ಮೇಲೆ ನಮ್ಮ ಕಂಪನಿಯ ಹೆಸರು ನೋಡಿ 'ನನ್ನ ಮಗಳು ಮಾಡಿದ್ದು' ಎಂದು ನೀನು ಎಲ್ಲರಿಗೂ ಹೇಳಿಕೊಂಡೆಯಂತೆ. ಇವತ್ತು ಬೆಳಿಗ್ಗೆ ಪಕ್ಕದ ಹಾಸಿಗೆಯ ಅಜ್ಜಿ ಇನ್ಸುಲಿನ್ ತೆಗೆದುಕೊಂಡ ಮೇಲೆ ಬೆವತು ಎಚ್ಚರ ತಪ್ಪಿದರಂತೆ. ತಿಂಡಿ ಸರಿಯಾಗಿ ತಿಂದಿರಲಿಲ್ಲ ಎಂದು ವಾರ್ಡಿನವರು ಅಂದರಂತೆ. ತಿಂಡಿ ಕಾರಣವಲ್ಲ ಅಮ್ಮಾ, ಚೌಕದಲ್ಲಿ ಹಿಂದಿನ ಹಾಸಿಗೆಯ ಪ್ರಮಾಣ ಉಳಿದಿರಬೇಕು, ಡಾಕ್ಟರಿಗೆ ಹೇಳು. ಆಪರೇಶನ್ ಆದಮೇಲೆ ಸಕ್ಕರೆ ಏರಿದೆಯೆಂದು ಇವತ್ತು ಸಂಜೆಯಿಂದ ನಿನಗೂ ಇನ್ಸುಲಿನ್ ಶುರುವಂತೆ. ಆಸ್ಪತ್ರೆಯ ಫೋನ್ ಯಾರೂ ಎತ್ತುತ್ತಿಲ್ಲ. ಆ ಅಪ್ಲಿಕೇಶನ್ ನಿಲ್ಲಿಸಲು ನಾನು ಆಫೀಸಿಗೆ ಓಡುತ್ತಿದ್ದೇನೆ, ಅಣ್ಣನನ್ನು ನಿನ್ನ ಹತ್ತಿರ ಓಡಿಸುತ್ತಿದ್ದೇನೆ. ಟ್ಯಾಬ್ ಹಿಡಿದ ನರ್ಸ್ ಪಕ್ಕದ ಹಾಸಿಗೆಯಿಂದ ನೇರ ನಿನ್ನ ಬಳಿ ಬಂದರೆ ತೋಳು ಕೊಡಬೇಡ. ಕಾಗದದ ಚಾರ್ಟ್ ತರಿಸು, ನಿನ್ನ ಹೆಸರು ಕೇಳಿಸು, ಹಠ ಮಾಡು, ಕೂಗಾಡು. ಮಗಳು ಮಾಡಿದ್ದು ಎಂದು ನಂಬಿ ಮಾತ್ರ ಸುಮ್ಮನಿರಬೇಡ.