ತೇಪೆವೀರನ ಕೊನೆಯ ಕಂತು

ಮಾನ್ಯ ಮುಖ್ಯ ಗ್ರಂಥಪಾಲಕರೇ,

ಒಂದು ಹಳೆಯ ಚಿತ್ರಕಥೆಯ ನಾಲ್ಕು ಪುಟ ತೋರಿಸಲು ನಿಮ್ಮ ಕಚೇರಿ ಹದಿನಾಲ್ಕು ತಿಂಗಳು ತೆಗೆದುಕೊಂಡಿತು. ಅಷ್ಟರಲ್ಲಿ ಅದನ್ನು ನೋಡಬೇಕಾಗಿದ್ದ ನನ್ನ ಅಕ್ಕನ ಕಣ್ಣು ಪೂರ್ತಿ ಹೋಯಿತು. ಇದರಲ್ಲಿ ಕಚೇರಿಯ ತಪ್ಪೇನೂ ಇಲ್ಲವೆಂದು ನಿಮ್ಮ ಗುಮಾಸ್ತರು ಆಗಲೇ ಲಿಖಿತವಾಗಿ ತಿಳಿಸಿದ್ದಾರೆ. ಅಷ್ಟು ಬೇಗ ಬಂದ ಉತ್ತರ ಅದೊಂದೇ.

ನಾನು ಲಿಫ್ಟ್ ರಿಪೇರಿಯವನು. ಅಕ್ಕ ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಮೂವತ್ತು ವರ್ಷ ರಫೂ ಮಾಡಿದವಳು. ಕೋಟು ಹರಿದಿತ್ತೆಂಬುದೇ ಸುಳ್ಳು ಎನ್ನುವಂತೆ ಹೊಲಿಯುತ್ತಿದ್ದಳು. ಚಿಕ್ಕಂದಿನಲ್ಲಿ ನಮ್ಮಿಬ್ಬರಿಗೂ ವಾರಪತ್ರಿಕೆಯ ತೇಪೆವೀರನೆಂದರೆ ಪಂಚಪ್ರಾಣ. ಟಪಾಲು ಹಂಚುವವನು, ಅನ್ಯಾಯ ಕಂಡರೆ ನೀಲಿ ಹೊದಿಕೆ ಹೆಗಲಿಗೇರಿಸಿ ಹೊರಡುವವನು. ಅವನಿಗೆ ಹಾರಲು ಬರುತ್ತಿರಲಿಲ್ಲ. ಓಡುತ್ತಿದ್ದ, ಬೀಳುತ್ತಿದ್ದ, ಏಟು ತಿನ್ನುತ್ತಿದ್ದ. ಉಳಿದ ವೀರರ ಬಟ್ಟೆಯ ಇಸ್ತ್ರಿ ಕೂಡ ಕೆಡುತ್ತಿರಲಿಲ್ಲ. ಇವನದು ಪ್ರತಿ ವಾರ ಹರಿಯುತ್ತಿತ್ತು, ಮರುವಾರ ಅದೇ ಜಾಗದಲ್ಲಿ ಹೊಸ ತೇಪೆ. ಚಿತ್ರಗಾರ ಒಂದನ್ನೂ ಮರೆಯುತ್ತಿರಲಿಲ್ಲ, ಅಕ್ಕ ಒಂದನ್ನೂ ಎಣಿಸದೆ ಬಿಡುತ್ತಿರಲಿಲ್ಲ. ಅಂಥ ನಿಯತ್ತಿನ ಕೆಲಸ ಈಗಿನ ಮಿರಮಿರ ಮಿಂಚುವ ವೀರರಲ್ಲಿ ಎಲ್ಲಿದೆ, ಹೇಳಿ? ಅವನು ನೀರು ತುಂಬುತ್ತಿದ್ದ ಸುರಂಗದಲ್ಲಿ ಸಿಕ್ಕಿಬಿದ್ದ ವಾರವೇ ನಮ್ಮಪ್ಪನಿಗೆ ವರ್ಗವಾಯಿತು. ಹೋದ ಊರಿಗೆ ಆ ಪತ್ರಿಕೆ ಬರುತ್ತಿರಲಿಲ್ಲ. ಇನ್ನೊಂದೇ ಸಂಚಿಕೆ ತಂದು ಅದು ನಿಂತುಹೋಯಿತೆಂದು ಆಮೇಲೆ ತಿಳಿಯಿತು.

ಕಳೆದ ವರ್ಷ ಕಣ್ಣಿನ ಡಾಕ್ಟರು, ಇನ್ನೊಂದು ವರ್ಷ ಕಂಡರೆ ಹೆಚ್ಚು ಎಂದರು. ಬಸ್ಸಿನಲ್ಲಿ ಬರುವಾಗ ಅಕ್ಕ, "ಅವನು ಆ ಸುರಂಗದಿಂದ ಹೊರಗೆ ಬಂದ್ನೋ ಇಲ್ವೋ, ಅದೊಂದು ನೋಡ್ಬೇಕು ಕಣೋ" ಎಂದಳು. ಹುಡುಕಿ ಓದಿ ಬಂದು ಹೇಳುತ್ತೇನೆ ಎಂದೆ.

"ಹೇಳೋದು ಬೇಡ. ನಾನೇ ನೋಡ್ಬೇಕು."

ಆ ಕೊನೆಯ ಸಂಚಿಕೆ ಉಳಿದಿರುವುದು ನಿಮ್ಮಲ್ಲಿ ಮಾತ್ರ. ಚಿತ್ರಕಥೆ ಮಕ್ಕಳ ಸಾಹಿತ್ಯ, ಹದಿನಾಲ್ಕು ವರ್ಷ ದಾಟಿದವರಿಗೆ ಕೊಡುವಂತಿಲ್ಲ ಎಂದರು ನಿಮ್ಮವರು. ದೊಡ್ಡವರಾದರೆ ಸಂಶೋಧಕರೆಂಬ ಪ್ರಮಾಣಪತ್ರ ಬೇಕಂತೆ. ಅಂದರೆ ಸುಮ್ಮನೆ ಪ್ರೀತಿಯಿಂದ ಓದುವವರಿಗೆ ನಿಮ್ಮಲ್ಲಿ ಒಂದು ಕುರ್ಚಿಯೂ ಇಲ್ಲವೇ? ಡಾಕ್ಟರ ಪತ್ರ ಲಗತ್ತಿಸಿದೆ. 'ವಿಷಯಕ್ಕೆ ಸಂಬಂಧಿಸಿಲ್ಲ' ಎಂದು ಹಿಂದಿರುಗಿತು. ಕಣ್ಣಿಗೂ ಓದಿಗೂ ಸಂಬಂಧವಿಲ್ಲವೆಂದು ಗ್ರಂಥಾಲಯವೇ ಹೇಳಿದ ಮೇಲೆ ನಾನು ಯಾರ ಹತ್ತಿರ ದೂರಲಿ? ಅರ್ಜಿ ಮೇಜಿನಿಂದ ಮೇಜಿಗೆ ತೆವಳುತ್ತಿದ್ದಾಗ ಅಕ್ಕನಿಗೆ ಸೂಜಿಯ ಕಣ್ಣು ಕಾಣದಾಯಿತು. ಬೆಳಿಗ್ಗೆ ಹತ್ತು ಸೂಜಿಗೆ ದಾರ ಪೋಣಿಸಿಟ್ಟು ನಾನು ಕೆಲಸಕ್ಕೆ ಹೋಗುತ್ತಿದ್ದೆ. ಆಮೇಲೆ ಅದೂ ಬೇಡವಾಯಿತು.

ಹೋದ ತಿಂಗಳು ಅನುಮತಿ ಬಂತು. ಕಣ್ಣು ಹೋಗಿದ್ದರೂ ಅಕ್ಕ ಹೋಗೋಣ ಎಂದಳು. ಒಂದು ಚೀಟಿಗೆ ಒಬ್ಬರೇ ಎಂದು ನನ್ನನ್ನು ಬಾಗಿಲಲ್ಲಿ ತಡೆದರು. ಗಾಜಿನಾಚೆ ಸಂಪುಟವನ್ನು ಸರಿಯಾದ ಪುಟಕ್ಕೇ ತೆರೆದು ಅವಳ ಮುಂದಿಟ್ಟರು. ಅವಳು ಕಾಗದ ಸವರಿ, ಪಕ್ಕದಲ್ಲಿದ್ದ ಸಹಾಯಕನನ್ನು ಏನೋ ಕೇಳಿದಳು. ಆತ ಗೋಡೆಯ ಮೇಲಿನ 'ಮೌನವಿರಲಿ' ಎಂಬ ಫಲಕದತ್ತ ಬೆರಳು ತೋರಿಸಿದ. ಅದನ್ನು ನಾನು ಕಂಡೆ, ಅವಳು ಕಾಣಲಿಲ್ಲ. ಉತ್ತರ ಬಂದೀತೆಂದು ಮುಖವೆತ್ತಿ ಕಾಯುತ್ತಲೇ ಕೂತಿದ್ದಳು, ಅವಧಿ ಮುಗಿಯುವವರೆಗೆ. ನಾನು ಗಾಜಿನ ಈಚೆ ನಿಂತು ಏನು ಮಾಡಲಿ? ಕಿರುಚಿದ್ದರೆ ನಿಯಮ ಮುರಿಯುತ್ತಿತ್ತು. ಸುಮ್ಮನಿದ್ದೆ, ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಹೊರಗೆ ಬಂದವಳು ನನ್ನ ತೋಳು ಹಿಡಿದು, "ಹೋಗ್ಲಿ ಬಿಡು, ಇನ್ನು ನೀನೇ ಹೇಳು" ಎಂದಳು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ: ನಿಮ್ಮ ಓದುವ ಕೋಣೆಯಲ್ಲಿ ಅರ್ಧ ಗಂಟೆ ಅಕ್ಕನ ಪಕ್ಕ ಕೂತು, ದನಿ ತಗ್ಗಿಸಿ, ಆ ನಾಲ್ಕು ಪುಟಗಳಲ್ಲಿ ಏನಿದೆ ಎಂದು ಹೇಳಲು ಅನುಮತಿ ಕೊಡಿ. ಇಂಥದ್ದಕ್ಕೆ ನಿಯಮವಿಲ್ಲವೆಂದು ಗೊತ್ತು. ಆದರೂ ಸ್ವಲ್ಪ ಬೇಗ ಮಾಡಿ. ಸದ್ಯಕ್ಕೆ ಅವಳಿಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ.

ಇಂತಿ,
ಬಾಗಿಲಾಚೆಯೇ ಉಳಿದ
ಅವಳ ತಮ್ಮ