ಬೀಗದ ಅಂಗಡಿಗೆ ಬೀಗ ಹಾಕಿದವರು

ಅಂಗಡಿಯ ಹಿಂದಿನ ಕೋಣೆಯಿಂದ,
ಮಾರ್ಚ್ ೧೨, ಗುರುವಾರ ಸಂಜೆ

ಪ್ರೀತಿಯ ತಮ್ಮನಿಗೆ,

ಹೇಗಿದ್ದೀಯೋ? ಆಸ್ಪತ್ರೆಯ ರಾತ್ರಿ ಪಾಳಿ ಇನ್ನೂ ಮುಗಿದಿಲ್ಲವೇ? ನರ್ಸ್ ಆದವನು ಕಂಡವರಿಗೆಲ್ಲ ಹೊತ್ತಿಗೆ ಸರಿಯಾಗಿ ಉಣ್ಣಿ ಎನ್ನುತ್ತಾನೆ, ತಾನು ಮಾತ್ರ ಬಿಸ್ಕತ್ತು ತಿಂದು ಮಲಗುತ್ತಾನೆ ಎಂದು ನನಗೆ ಗೊತ್ತು. ಬೆನ್ನುನೋವು ಹೇಗಿದೆ? ನಾವಿಬ್ಬರೂ ಚೆನ್ನಾಗಿದ್ದೇವೆ. ಏಣಿ ಹತ್ತಲು ಅಪ್ಪನ ಮಂಡಿ ಒಪ್ಪುತ್ತಿಲ್ಲ, ಏಣಿ ಬಿಡಲು ಅಪ್ಪ ಒಪ್ಪುತ್ತಿಲ್ಲ. ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಮೊದಲೇ ಹೇಳಿಬಿಡುತ್ತೇನೆ, ಮೊನ್ನೆಯವರೆಗೂ ನನಗೆ ನಿನ್ನ ಮೇಲೇ ಅನುಮಾನವಿತ್ತು. ಕುಂಬಳಕಾಯಿ ಕಳ್ಳ ಎಂದ ತಕ್ಷಣ ಹೆಗಲು ಮುಟ್ಟಿ ನೋಡಿಕೊಳ್ಳಬೇಡ, ಪೂರ್ತಿ ಓದು.

ನೀನು ಕಟ್ಟಿಕೊಟ್ಟ ಆನ್‌ಲೈನ್ ಅಂಗಡಿ ನೀನು ಹೋದಾಗಿನಿಂದ ಸೊರಗುತ್ತಿದೆ. ಮೊದಲೆಲ್ಲ ಯಾರೇ ಹಳೆಯ ಟ್ರಂಕಿನ ಬೀಗ ಹುಡುಕಿದರೂ ನಮ್ಮ ಪುಟವೇ ಮೇಲೆ ಬರುತ್ತಿತ್ತು. ಈಗ ಎಷ್ಟು ಕೆಳಗೆ ಹೋದರೂ ನಾವಿಲ್ಲ. ಬೀದಿಯಿಂದ ಬರುವ ಗಿರಾಕಿಗಳು ಕಡಿಮೆಯಾಗಿ ಎಷ್ಟೋ ಕಾಲವಾಯಿತು. ಇದೂ ಹೋದರೆ ಅಪ್ಪ ಅಂಗಡಿ ಮುಚ್ಚುವುದೊಂದೇ ದಾರಿ. ಮೊದಲು ಬೀದಿ ಮೂಲೆಯ ಹಾರ್ಡ್‌ವೇರ್ ಅಂಗಡಿಯವನ ಮೇಲೆ ಕಣ್ಣಿಟ್ಟೆ. ಎಂದೂ ನಗದವನು ಇತ್ತೀಚೆಗೆ ನನ್ನನ್ನು ಕಂಡರೆ ಸಾಕು, ನಗುತ್ತಾನೆ. ಹೊಸ ಹಲ್ಲು ಕಟ್ಟಿಸಿಕೊಂಡಿದ್ದಾನಂತೆ, ಆಮೇಲೆ ತಿಳಿಯಿತು. ಆದರೂ ಅವನನ್ನು ನಾನು ಪೂರ್ತಿ ಬಿಟ್ಟಿಲ್ಲ.

ಆಮೇಲೆ ಸರ್ವರ್ ಬಾಡಿಗೆಗೆ ಕೊಟ್ಟ ಕಂಪನಿ. ಅಲ್ಲಿ ಫೋನ್ ಎತ್ತುವ ಹುಡುಗಿ ಬಲು ನಯವಾಗಿ ಮಾತಾಡುತ್ತಾಳೆ. ಅಷ್ಟು ನಯವಾಗಿ ಮಾತಾಡುವವರನ್ನು ನಾನು ನಂಬುವುದಿಲ್ಲ. ಆದರೆ ದಾರಿ ತೋರಿಸಿದವಳು ಅವಳೇ. ಸರ್ಚ್ ಎಂಜಿನ್ನಿನ ಬಾಟ್ ಎಂಬ ಓದುಯಂತ್ರ ನಮ್ಮ ಪುಟಗಳನ್ನು ಓದಲು ಬರುತ್ತಿದೆ, ನಮ್ಮ ಸರ್ವರ್ರೇ ಅದನ್ನು ಬಾಗಿಲಿನಿಂದ ವಾಪಸು ಕಳಿಸುತ್ತಿದೆ ಎಂದಳು. ಬಂದುಹೋದವರ ದಾಖಲೆ ಇರುವ ಲಾಗ್ ತೆಗೆದು ನೋಡಿದರೆ ಸಾಲುಸಾಲು ೫೦೩, ಅಂದರೆ ಸದ್ಯಕ್ಕೆ ಸೇವೆ ಇಲ್ಲ. ಬಂದುಬಂದು ಬಾಗಿಲು ಬಡಿದು ಸಾಕಾಗಿ ಅದು ನಮ್ಮ ಪುಟಗಳನ್ನು ಒಂದೊಂದಾಗಿ ಕೈಬಿಡುತ್ತಿದೆ. ನಾನು ನೋಡಿದಾಗಲೆಲ್ಲ ಮಾತ್ರ ಅಂಗಡಿ ತೆರೆದೇ ಇರುತ್ತಿತ್ತು! ಸರ್ವರ್ ಮೆಮೊರಿ ಸಾಲದೇನೋ ಎಂದು ಹೆಚ್ಚಿಸಿದೆ, ಬೇಡದ ಪ್ಲಗಿನ್‌ಗಳನ್ನು ಕಿತ್ತುಹಾಕಿದೆ. ಏನೂ ಆಗಲಿಲ್ಲ.

ಕೊನೆಗೆ ವೇಳೆಯನ್ನು ಹೊಂದಿಸಿ ನೋಡಿದೆ. ನಾವು ಅಂಗಡಿ ಮುಚ್ಚಿದ ಮೇಲೆ ದೋಷ ಶುರು, ಬೆಳಿಗ್ಗೆ ತೆರೆದ ಮೇಲೆ ಮಾಯ. ಸೋಮವಾರ ಇಡೀ ದಿನ ದೋಷ. ಯಂತ್ರ ಹೊತ್ತುಗೊತ್ತಿಲ್ಲದೆ ಕೆಡುತ್ತದೆ, ನಮ್ಮ ವಾರದ ರಜೆ ನೋಡಿಕೊಂಡು ಕೆಡುವುದಿಲ್ಲ. ಹಾಗಾದರೆ ಇದು ನಮ್ಮ ವೇಳೆ ಬಲ್ಲವರ ಕೈವಾಡ. ಆಗ ನೆನಪಾದದ್ದು ನೀನು. ಅಂಗಡಿ ಬಿಟ್ಟು ನರ್ಸ್ ಕೆಲಸಕ್ಕೆ ಹೊರಟ ದಿನ ಅಪ್ಪ ಆಡಿದ ಮಾತು ಕಟುವಾಗಿತ್ತು, ನಿಜ. "ಅಂಗಡೀಲಿ ಕೂರೋಕಾಗದವನು ಅಂಗಡಿ ಮಾತು ಆಡಬಾರದು" ಅಂದರು. ನೀನೇನು ಕಡಿಮೆಯೇ? "ನಿಮ್ಮ ಅಂಗಡಿ, ನಿಮ್ಮ ಬಾಗಿಲು" ಎಂದು ಚಪ್ಪಲಿ ಮೆಟ್ಟಿ ಹೊರಟೆ. ಆ ಬಾಗಿಲನ್ನು ದೂರದಿಂದಲೇ ಮುಚ್ಚುತ್ತಿದ್ದೀಯ ಎಂದುಕೊಂಡು ನಿನ್ನ ಲಾಗಿನ್ ತೆಗೆದುಹಾಕಿದೆ. ಮರುದಿನವೂ ಅದೇ ೫೦೩.

ನಿನ್ನೆ ಸಂಜೆ ಅಪ್ಪ ಶಟರ್ ಎಳೆದರು. ಎರಡೂ ಬೀಗ ಹಾಕಿ ಜಗ್ಗಿ ನೋಡಿದರು. ಆಮೇಲೆ ಕನ್ನಡಕ ಒರೆಸಿಕೊಂಡು, ಫೋನ್ ತೆಗೆದು, ತೋರುಬೆರಳಿನಿಂದ ಏನನ್ನೋ ಒತ್ತಿ ಜೇಬಿಗಿಟ್ಟರು. ನಾನು ಓಡಿ ಬಂದು ಕಂಪ್ಯೂಟರ್ ನೋಡಿದರೆ ೫೦೩. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಂತಾಯಿತು ನನ್ನ ಕಥೆ. ಹಿಂದೊಮ್ಮೆ ಬೆಲೆ ಬದಲಾಯಿಸುವಾಗ ಫೋನಿನಲ್ಲಿ ಈ ಗುಂಡಿ ಒತ್ತಿದರೆ ಆನ್‌ಲೈನ್ ಅಂಗಡಿ ಮುಚ್ಚುತ್ತದೆ ಎಂದು ಅವರಿಗೆ ತೋರಿಸಿಕೊಟ್ಟವನು ನೀನೇ ತಾನೇ? ಯಾಕಪ್ಪಾ ಹೀಗೆ ಎಂದು ಕೇಳಿದೆ. ಅವರು ಬೀಗದ ಕೈ ಗೊಂಚಲನ್ನು ಮೊಳೆಗೆ ಹಾಕುತ್ತಾ ಹೇಳಿದರು: "ಅವನಿದ್ದಾಗ ರಾತ್ರಿ ಅವನು ನೋಡ್ಕೊಳ್ತಿದ್ದ. ಈಗ ಯಾರೂ ಕೂತಿಲ್ಲದ ಅಂಗಡೀನ ತೆರೆದಿಟ್ಟು ನಾನು ಹೇಗಮ್ಮ ಮಲಗ್ಲಿ?"

ಅಲ್ಲಿಗೆ ಕಳ್ಳರು ಬರುವುದಿಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಬದುಕಿಡೀ ಬೀಗ ಮಾರಿದವರಿಗೆ ನಾನು ಕಳ್ಳರ ವಿಷಯ ಹೇಳಬೇಕೇ? ಅವರ ಫೋನಿನಿಂದ ಆ ಗುಂಡಿಯನ್ನು ಗುಟ್ಟಾಗಿ ತೆಗೆಯಬಹುದಿತ್ತು. ಅವರ ಅಂಗಡಿಯಲ್ಲಿ ನಾನೇ ಕಳ್ಳಿಯಾಗಲು ಮನಸ್ಸು ಬರಲಿಲ್ಲ. ನಿನ್ನ ಮೇಲೆ ಅನುಮಾನಪಟ್ಟದ್ದಕ್ಕೆ ಬೇಸರವಿದೆ, ಆದರೆ ಫೋನ್ ಎತ್ತದವನ ಮೇಲೆ ಇನ್ನೇನು ಪಡಲಿ? ಹೊಟ್ಟೆ ತುಂಬ ಉಣ್ಣು, ಬೆನ್ನು ನೋಡಿಕೋ. ನೂರು ಕಾಲ ಚೆನ್ನಾಗಿರು.

ನಿನ್ನ
ಅನುಮಾನದ ಅಕ್ಕ

ತಾ.ಕ.: ಲಕೋಟೆಗೆ ಅಂಟು ಹಚ್ಚುವಾಗ ಅಪ್ಪ ಬಂದರು. "ಅವನಿಗೆ ರಾತ್ರಿ ಪಾಳಿ ಅಲ್ವಾ? ಎದ್ದಿರ್ತಾನಲ್ಲ?" ಎಂದು ಕೇಳಿದರು. ಹೌದೆಂದೆ. "ಹಾಗಾದ್ರೆ ಅಂಗಡೀಲಿ ಅವನೇ ಕೂರ್ಲಿ" ಎಂದು ಮಲಗಲು ಹೋದರು. ಇವತ್ತು ಒತ್ತಿಲ್ಲ, ನಾನು ಎರಡು ಸಲ ಪರೀಕ್ಷಿಸಿದೆ. ಪುಟಗಳನ್ನು ಮತ್ತೆ ಓದು ಎಂದು ಸರ್ಚ್ ಎಂಜಿನ್ನಿಗೂ ಕೋರಿಕೆ ಕಳಿಸಿದ್ದೇನೆ. ನಿನ್ನ ಲಾಗಿನ್ ಮತ್ತೆ ತೆರೆದಿದೆ. ಈ ಕಾಗದ ನಿನ್ನ ಕೈಸೇರುವವರೆಗೆ ದಿನಾ ಬೆಳಿಗ್ಗೆ ಅಪ್ಪನಿಗೆ, ರಾತ್ರಿಯೆಲ್ಲ ಅವನು ಕೂತಿದ್ದ ಎಂದೇ ಹೇಳುತ್ತಿರುತ್ತೇನೆ. ನನ್ನನ್ನು ಸುಳ್ಳುಗಾತಿ ಮಾಡಬೇಡ.