ಬಸ್ಸಿನಲ್ಲಿ ಅಕ್ಕನ ಮನೆಗೆ

ಮಗಳ ಮನೆಯ ಊಟದ ಮೇಜಿನಿಂದ
ಮಾರ್ಚ್ ೯, ಗುರುವಾರ ಮಧ್ಯಾಹ್ನ

ಪ್ರೀತಿಯ ‘ಏನೂಂದ್ರೆ’ ಅವರಿಗೆ,

ನಗಬೇಡಿ. ಒಂದು ದಿನವೂ ಹೆಸರು ಹಿಡಿದು ಕರೆದವಳಲ್ಲ, ಈ ವಯಸ್ಸಿನಲ್ಲಿ ಹೊಸದಾಗಿ ಏನಂತ ಶುರು ಮಾಡಲಿ? ಹೇಗಿದ್ದೀರಿ? ಕಣ್ಣಿಗೆ ಹನಿ ಹಾಕಿಕೊಳ್ಳುತ್ತಿದ್ದೀರೋ, ಇಲ್ಲಾ ಬಾಟಲಿ ಕಿಟಕಿಯ ಹತ್ತಿರ ಇಟ್ಟಲ್ಲೇ ಇದೆಯೋ? ಬೆಳಿಗ್ಗೆ ಒಂದು ಸಲ, ಮಲಗುವಾಗ ಒಂದು ಸಲ. ಎರಡನ್ನೂ ಒಟ್ಟಿಗೇ ಸುರಿದುಕೊಂಡು ‘ಸರಿಹೋಯ್ತು ಬಿಡು’ ಅನ್ನಬೇಡಿ. ಭೂತಗನ್ನಡಿ ಹುಡುಕುವ ತಾಪತ್ರಯ ಬೇಡ ಅಂತ ಅಕ್ಷರ ದಪ್ಪಗೆ ಬರೆಯುತ್ತಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ಅಂತೀರಿ. ಫೋನಿನಲ್ಲಿ ನೀವು ‘ಹ್ಞೂಂ, ಸರಿ, ಇಡ್ತೀನಿ’ ಅನ್ನುವಷ್ಟರಲ್ಲಿ ನನ್ನ ಅರ್ಧ ಮಾತು ಗಂಟಲಲ್ಲೇ ಉಳಿದಿರುತ್ತದೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರವರಿಗೆಲ್ಲ ಲೈನು ಕೂಡಿಸಿಕೊಟ್ಟವಳಿಗೆ ಸ್ವಂತ ಗಂಡನ ಲೈನು ಮಾತ್ರ ಸರಿಯಾಗಿ ಸಿಗಲಿಲ್ಲ ನೋಡಿ. ಕಾಗದವಾದರೆ, ನೀವು ಮಧ್ಯದಲ್ಲಿ ಎದ್ದು ಹೋದರೂ ಮುಂದಿನ ಮಾತು ಹಿಡಿದುಕೊಂಡು ಅಲ್ಲೇ ಕಾದಿರುತ್ತದೆ.

ಮಗಳು ಚೆನ್ನಾಗಿದ್ದಾಳೆ. ದಿನವಿಡೀ ಪಶು ಆಸ್ಪತ್ರೆಯಲ್ಲಿ ಕುದುರೆ, ನಾಯಿ, ಬೆಕ್ಕುಗಳ ಜೊತೆ ಗುದ್ದಾಡಿ ಬಂದು, ಸಂಜೆ ಸೋಫಾದ ಮೇಲೆ ಬಿದ್ದರೆ ಅವಳನ್ನು ಎಬ್ಬಿಸುವುದೇ ಒಂದು ಕೆಲಸ. ಅಳಿಯನೂ ಚೆನ್ನಾಗಿದ್ದಾನೆ. ಅವನ ಕೆಲಸ ಲಿಫ್ಟ್ ರಿಪೇರಿ ಅಲ್ಲವೇ, ಈ ಸೀಮೆಯ ಲಿಫ್ಟುಗಳಿಗೆಲ್ಲ ಭಾನುವಾರವೇ ಕೆಡಬೇಕು ಅಂತ ಹಟ. ‘ಅತ್ತೆ, ಮುಂದಿನ ಭಾನುವಾರ ಖಂಡಿತ ನಿಮ್ಮ ಅಕ್ಕನ ಮನೆಗೆ ಕರ್ಕೊಂಡ್ ಹೋಗ್ತೀನಿ’ ಅನ್ನುತ್ತಾನೆ, ಅಷ್ಟರಲ್ಲಿ ಯಾರೋ ಏಳನೇ ಮಹಡಿಯಲ್ಲಿ ಸಿಕ್ಕಿಹಾಕಿಕೊಂಡಿರುತ್ತಾರೆ. ಪಾಪ, ಅವನನ್ನು ಅಂದು ಪ್ರಯೋಜನವಿಲ್ಲ.

ಇದನ್ನು ಒಂದು ಊರು ಅನ್ನುವುದೇ ತಪ್ಪು. ಹತ್ತಾರು ಊರುಗಳು ಕಾಲು ಚಾಚಿ ಚಾಚಿ ಒಂದಕ್ಕೊಂದು ತಾಗಿಕೊಂಡಿವೆ. ಒಂದು ಮುಗಿದು ಇನ್ನೊಂದು ಶುರುವಾದದ್ದು ಬೋರ್ಡು ಓದಿದರಷ್ಟೇ ಗೊತ್ತಾಗುತ್ತದೆ. ಕೇಳಿದರೆ ಎಲ್ಲವೂ ‘ಇಲ್ಲೇ ಹತ್ತಿರ’. ಅವರ ಹತ್ತಿರ ಅಂದರೆ ಕಾರಿನಲ್ಲಿ ಹತ್ತಿರ. ಮಗಳ ಬೀದಿಯಲ್ಲಿ ಬೆಳಿಗ್ಗೆ ಒಂದೊಂದೇ ಗೇಟು ತೆರೆದು, ಕಾರುಗಳೆಲ್ಲ ಹೊರಟು ಹೋದರೆ ಸಂಜೆಯವರೆಗೆ ಮನುಷ್ಯರ ಸುಳಿವಿಲ್ಲ. ಕಾಲುದಾರಿ ಮನಸ್ಸು ಬಂದಷ್ಟು ದೂರ ಇದ್ದು ಆಮೇಲೆ ಮಾಯ. ಮೊದಲ ವಾರ ನಾನು ಗಾಜಿನ ಬಾಗಿಲ ಹಿಂದೆ ನಿಂತು, ಎದುರು ಮನೆಯ ಬೆಕ್ಕಿನ ದಿನಚರಿ ಬಾಯಿಪಾಠ ಮಾಡಿದೆ. ಹೊರಡುವಾಗ ನೀವು ಹೇಳಿದ ಮಾತು ಆಗೆಲ್ಲ ನೆನಪಾಗುತ್ತಿತ್ತು: ‘ಕಾರು ಓಡಿಸೋಕಾಗದವನು ಅಲ್ಲಿ ಬಂದು ಏನು ಮಾಡ್ಲಿ? ಮಗಳ ಸೋಫಾಕ್ಕೆ ಕಾವಲಾ?’ ಡಾಕ್ಟರು ನಿಮ್ಮ ಕೈಯಿಂದ ಸ್ಟೀರಿಂಗ್ ಬಿಡಿಸಿದ ದಿನದಿಂದ ನೀವು ಬೀದಿಯ ತುದಿಯವರೆಗೂ ಹೋಗಿಲ್ಲ. ಬೈಯುತ್ತಿಲ್ಲ. ಜೀವಮಾನವಿಡೀ ಟ್ಯಾಕ್ಸಿ ಓಡಿಸಿದವರಿಗೆ ಹೇಗಾಗಿರಬೇಕು ಅಂತ ಆ ಗಾಜಿನ ಹಿಂದೆ ನಿಂತಾಗ ಸ್ವಲ್ಪ ಅರ್ಥವಾಯಿತು, ಅಷ್ಟೇ.

ಈಗ ಅಕ್ಕನ ವಿಷಯ. ನಿಮಗೆ ಗೊತ್ತಿರುವುದೇ, ಆದರೂ ಬರೆಯುತ್ತೇನೆ. ಇಷ್ಟು ವರ್ಷ ನಮ್ಮ ಮನೆಯಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಆಡಿಲ್ಲ. ಅಕ್ಕನ ಮೈದುನನ ಮದುವೆಗೆ ಅವರ ಕಡೆಯವರನ್ನೆಲ್ಲ ನಿಮ್ಮ ಟ್ಯಾಕ್ಸಿಯಲ್ಲೇ ಕರೆತಂದಿರಿ. ನೀವು ಕೈತೊಳೆದು ನೆಂಟರ ಸಾಲಿನಲ್ಲಿ ಊಟಕ್ಕೆ ಕೂತಾಗ ಭಾವ ಬಂದು, ಎಲ್ಲರ ಮುಂದೆ, ‘ಡ್ರೈವರುಗಳಿಗೆ ಹಿಂದೆ ಬಡಿಸ್ತಾರೆ’ ಅಂದರು. ಸ್ವಂತ ಷಡ್ಡಕನಿಗೆ! ನೀವು ಎದ್ದು, ಕೀ ತೆಗೆದುಕೊಂಡು, ನನ್ನನ್ನೂ ಮಗಳನ್ನೂ ಕೂರಿಸಿಕೊಂಡು ಹೊರಟಿರಿ. ಆಮೇಲೆ ಅವರು ಈ ಕಡೆ ಬಂದು ನೆಲೆಸಿದರು, ಹೋದ ವರ್ಷದ ಹಿಂದಿನ ವರ್ಷ ಭಾವ ತೀರಿಕೊಂಡರು. ನಾವು ಬರಲಿಲ್ಲ. ಮಕ್ಕಳಿಲ್ಲದ ಅಕ್ಕ, ಮಗಳ ಮನೆಯಿಂದ ಈ ಸೀಮೆಯ ಇನ್ನೊಂದು ತುದಿಯಲ್ಲಿ ಒಬ್ಬಳೇ ಇದ್ದಾಳೆ ಅಂತ ಗೊತ್ತಿದ್ದೂ ನಾನು ಭಾನುವಾರಗಳನ್ನು ಕಾಯುತ್ತ ಕೂತಿದ್ದೆ.

ಮೊನ್ನೆ ಮಂಗಳವಾರ ತಡೆಯಲಾಗಲಿಲ್ಲ. ಮಗಳ ಕಾರು ತಿರುವು ದಾಟಿದ್ದೇ ತಡ, ಚೀಲದಲ್ಲಿ ನೀರಿನ ಬಾಟಲಿ, ಎರಡು ಕಿತ್ತಳೆ ಹಾಕಿಕೊಂಡು ಹೊರಟೆ. ಬಸ್ ಸ್ಟಾಪ್ ಅಂದರೆ ನಿಲ್ಲೋಕೆ ನೆರಳೂ ಇಲ್ಲದ ಒಂದು ಕಂಬ. ಕಾರಿನಲ್ಲಿ ಹೋಗುವವರೆಲ್ಲ, ಈ ಮುದುಕಿಗೆ ಏನಾಗಿದೆ ಅನ್ನುವ ಹಾಗೆ ನೋಡಿಕೊಂಡು ಹೋದರು. ಬಸ್ಸು ಬಂತು, ರೈಲ್ವೆ ಸ್ಟೇಷನ್ನಿಗೆ ಬಿಟ್ಟಿತು. ರೈಲೂ ಸಿಕ್ಕಿತು. ಒಂದು ಲೈನಿನಿಂದ ಇನ್ನೊಂದಕ್ಕೆ ಕೂಡಿಸುವುದು ತಾನೇ, ನನಗೇನು ಹೊಸದೇ ಅಂತ ಬೀಗಿಕೊಂಡು, ರೈಲಿಳಿದು ಅಕ್ಕನ ಮನೆ ಕಡೆ ಹೋಗುವ ನಂಬರಿನ ಬಸ್ಸು ಹತ್ತಿದೆ. ನಂಬರು ಸರಿಯಾಗಿತ್ತು, ದಿಕ್ಕು ತಪ್ಪಾಗಿತ್ತು. ರಸ್ತೆಯ ಆ ಬದಿಯಲ್ಲಿ ಹತ್ತಬೇಕಾದ್ದನ್ನು ಈ ಬದಿಯಲ್ಲಿ ಹತ್ತಿದ್ದೆ. ಮನೆಗಳು ಹೋಗಿ ಗೋದಾಮುಗಳು ಬಂದವು, ಗೋದಾಮುಗಳೂ ಮುಗಿದವು. ಬಸ್ಸಿನಲ್ಲಿ ನಾನೊಬ್ಬಳೇ ಉಳಿದೆ.

‘ಇದೇ ಕೊನೆ ಸ್ಟಾಪು, ಅಮ್ಮ. ಎಲ್ಲಿಗೆ ಹೋಗ್ಬೇಕಿತ್ತು?’ ಅಂತ ಡ್ರೈವರ್ ತಿರುಗಿ ಕೇಳಿದಳು. ಹೌದು, ಹೆಂಗಸು. ನಮ್ಮ ಮಗಳಿಗಿಂತ ಸ್ವಲ್ಪ ದೊಡ್ಡವಳಿರಬೇಕು. ಅಕ್ಕನ ವಿಳಾಸ ಹೇಳಿದೆ. ಅವಳು ನಗಲಿಲ್ಲ. ‘ಅಯ್ಯೋ, ಪೂರ್ತಿ ಉಲ್ಟಾ ಬಂದಿದ್ದೀರಿ. ಇರ್ಲಿ ಬಿಡಿ, ನಾನು ಊಟ ಮಾಡ್ಕೊಂಡು ಇದೇ ದಾರೀಲಿ ವಾಪಸ್ ಹೋಗೋದು. ಮುಂದೆ ಬಂದು ಕೂತ್ಕೊಳ್ಳಿ’ ಅಂದಳು. ಮೆಟ್ಟಿಲ ಮೇಲೆ ಕೂತು ಇಬ್ಬರೂ ಕಿತ್ತಳೆ ಸುಲಿದು ತಿಂದೆವು. ನಮ್ಮ ಮನೆಯವರೂ ಡ್ರೈವರೇ ಅಂದೆ. ‘ಹೌದಾ? ಹಾಗಾದ್ರೆ ನೀವು ನಮ್ಮವರೇ ಆಯ್ತಲ್ಲ! ಅವರನ್ನೂ ಕರ್ಕೊಂಡು ಬರೋದಲ್ವಾ?’ ಅಂದಳು. ಆ ಮಾತು ಕೇಳಿ ನನಗೆ ಎಷ್ಟು ಹೆಮ್ಮೆಯಾಯಿತು, ಅಷ್ಟೇ ದುಃಖವೂ ಆಯಿತು. ಭಾವ ಯಾವ ಪದವನ್ನು ಉಗುಳಿದ್ದರೋ ಅದೇ ಪದ ಇಲ್ಲಿ ನನ್ನನ್ನು ಅವಳ ನೆಂಟಳನ್ನಾಗಿ ಮಾಡಿತ್ತು.

ಹಿಂದಿರುಗುವಾಗ ಮುಂದಿನ ಸೀಟಿನಲ್ಲಿ ಕೂತೆ. ಇಷ್ಟು ವರ್ಷ ನಿಮ್ಮ ಗಾಡಿಯಲ್ಲಿ ಹಿಂದೆ ಕೂತು, ಮಗುವಿಗೆ ವಾಂತಿಯಾಗದಿದ್ದರೆ ಸಾಕು ಅಂದುಕೊಂಡೇ ಊರೂರು ದಾಟಿದವಳು ನಾನು. ರಸ್ತೆ ಹೀಗೆ ಎದುರಿನಿಂದ ಬಿಚ್ಚಿಕೊಳ್ಳುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಅದನ್ನು ಕಳೆದುಕೊಳ್ಳುವುದೆಂದರೆ ಏನು ಅಂತ ಆಗ ಹೊಳೆಯಿತು. ಕಾರಿನಲ್ಲಿ ಓಡಾಡುವವರಿಗೆ ಕಾಣದ ಜನ ಈ ಬಸ್ಸಿನಲ್ಲಿದ್ದಾರೆ. ರಾತ್ರಿ ಪಾಳಿ ಮುಗಿಸಿದ ನರ್ಸು, ಏಣಿ ಹಿಡಿದುಕೊಂಡೇ ಹತ್ತಿದ ಬಣ್ಣ ಬಳಿಯುವವನು, ಇನ್ನೂ ಲೈಸೆನ್ಸ್ ಸಿಗದ ಒಬ್ಬಳು ಟೀಚರು, ಕಣ್ಣು ಮಂಜಾದ ಇಬ್ಬರು ಅಜ್ಜಂದಿರು. ಇಳಿಯುವಾಗ ಎಲ್ಲರೂ ಆ ಡ್ರೈವರಿಗೆ ‘ಬರ್ತೀನಮ್ಮ’ ಅಂತ ಹೇಳಿಯೇ ಇಳಿಯುತ್ತಿದ್ದರು.

ಬಸ್ಸಿಳಿದಾಗ ಅಕ್ಕನ ಕಟ್ಟಡ ಹೆದ್ದಾರಿಯ ಆಚೆ ಬದಿಗೆ ಕಣ್ಣೆದುರೇ ಇತ್ತು. ದಾಟಲು ಮಾತ್ರ ಜಾಗವಿಲ್ಲ. ಮೇಲ್ಸೇತುವೆ ಎಲ್ಲೋ ದೂರದಲ್ಲಿ. ಬಿಸಿಲು, ಪಕ್ಕದಲ್ಲೇ ರೊಯ್ಯೆಂದು ಹೋಗುವ ಲಾರಿಗಳು, ಚಪ್ಪಲಿಯೊಳಗೆಲ್ಲ ಜಲ್ಲಿ. ಸೇತುವೆಯ ಮೇಲೆ ಹತ್ತಿ ನಿಂತಾಗ ವಾಪಸ್ ಹೋಗಿಬಿಡಲೇ ಅನಿಸಿದ್ದು ನಿಜ. ದಣಿವಿಗಲ್ಲ. ಬಾಗಿಲು ತೆಗೆದು ಅಕ್ಕ ‘ಈಗ ಬಂದೆಯಾ?’ ಅಂದರೆ ಏನು ಹೇಳಲಿ ಅಂತ.

ಅವಳು ಹಾಗೆ ಅನ್ನಲಿಲ್ಲ. ಬಾಗಿಲು ತೆಗೆದವಳು ನನ್ನ ಹಿಂದೆ ಇಣುಕಿ, ‘ಯಾರ ಕಾರಲ್ಲಿ ಬಂದೆ?’ ಅಂದಳು. ‘ಬಸ್ಸಲ್ಲಿ’ ಅಂದೆ. ‘ಒಬ್ಬಳೇ?’ ‘ಒಬ್ಬಳೇ.’ ‘ನೀನು?’ ಅಂದವಳು ನಗಲು ಶುರುಮಾಡಿ, ನಗುನಗುತ್ತಲೇ ಬಾಗಿಲ ಚೌಕಟ್ಟು ಹಿಡಿದುಕೊಂಡು ಅತ್ತಳು. ತುಂಬಾ ಇಳಿದುಹೋಗಿದ್ದಾಳೆ. ಅಡುಗೆಮನೆಯಿಂದ ಹಾಲಿಗೆ ಬರುವಷ್ಟರಲ್ಲಿ ಎರಡು ಸಲ ನಿಂತು ಉಸಿರು ತೆಗೆದುಕೊಂಡಳು. ನಾನೇ ಅವಳ ತಲೆ ಬಾಚಿದೆ, ಸಿಕ್ಕು ಬಿಡಿಸಲಾಗದೆ ಹಾಗೇ ಬಿಟ್ಟಿದ್ದಳು. ಬಾಚುತ್ತಿದ್ದಾಗ, ಮುಖ ಆ ಕಡೆ ಇದ್ದದ್ದರಿಂದಲೋ ಏನೋ, ಹೇಳಿದಳು: ‘ಅವರು ಅವತ್ತೇ ಕ್ಷಮೆ ಕೇಳ್ಬೇಕಿತ್ತು. ಕೇಳಲಿಲ್ಲ. ನಾನಾದ್ರೂ ನಿನ್ನ ಗಂಡನ ಹಿಂದೆ ಓಡಿ ಬರಬೇಕಿತ್ತು. ಊಟದ ಸಾಲು ಕೆಡುತ್ತೆ ಅಂತ ನಿಂತುಬಿಟ್ಟೆ ಕಣೇ.’ ಭಾವ ಕೊನೆಗಾಲದಲ್ಲಿ ನಿಮ್ಮನ್ನು ನೆನೆದರು ಅಂತೇನೂ ಅವಳು ಸುಳ್ಳು ಹೇಳಲಿಲ್ಲ. ಅದಕ್ಕೇ ಅವಳ ಮಾತು ನಂಬಿದೆ.

ಕತ್ತಲಾಗುವ ಮುಂಚೆ ಮನೆ ಸೇರಿದೆ. ಮಗಳು ಸಿಟ್ಟಿನಿಂದ ಬಾಗಿಲಲ್ಲೇ ನಿಂತಿದ್ದಳು. ಅಳಿಯ ಮಾತ್ರ ‘ಯಾವ ನಂಬರ್ ಬಸ್ಸು ಅತ್ತೆ? ನನಗೇ ಗೊತ್ತಿಲ್ಲ’ ಅಂದ. ನಿನ್ನೆ ಮತ್ತೆ ಹೋಗಿಬಂದೆ, ಈ ಸಲ ಸರಿಯಾದ ಬದಿಯಲ್ಲಿ ಹತ್ತಿ.

ಆರೋಗ್ಯ ನೋಡಿಕೊಳ್ಳಿ. ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರಿಗೂ ಅವರ ಮನೆಯವರಿಗೂ ನೆನಪು ತಿಳಿಸಿ. ಮಗಳು, ಅಳಿಯ ನಿಮ್ಮ ಕಾಲಿಗೆ ಬಿದ್ದಿದ್ದಾರೆ, ಅಂದರೆ ನಾನು ಅವರ ಪರವಾಗಿ ಬರೆಯುತ್ತಿದ್ದೇನೆ.

ಎಂದಿನಂತೆ ನಿಮ್ಮ,
‘ಲೇ ಇವಳೇ’

ಮರೆತಿದ್ದೆ (ಮರೆತಿರಲಿಲ್ಲ, ಬರೆಯಲು ಧೈರ್ಯ ಸಾಲದೆ ಇಲ್ಲಿಯವರೆಗೆ ಎಳೆದೆ): ಈ ತಿಂಗಳ ಕೊನೆಗೆ ಅಕ್ಕನಿಗೆ ಹೃದಯದ ಆಪರೇಷನ್. ಅವಳು ಎದ್ದು ಓಡಾಡುವವರೆಗೆ ಅವಳ ಜೊತೆಗೇ ಇರುತ್ತೇನೆ. ನನ್ನ ವಾಪಸ್ ಟಿಕೆಟ್ ರದ್ದು ಮಾಡಿಸಿದೆ. ನೀವು ಬನ್ನಿ. ಮೇಷ್ಟ್ರು ಅಲ್ಲಿ ರೈಲು ಹತ್ತಿಸಲಿ, ಇಲ್ಲಿ ಇಳಿಸಿಕೊಳ್ಳಲು ನಾನು ಬರುತ್ತೇನೆ. ದಾರಿ ನನಗೆ ಗೊತ್ತು, ನೀವು ನನ್ನ ತೋಳು ಹಿಡಿದುಕೊಂಡರೆ ಸಾಕು. ನಿನ್ನೆ ಹೊರಡುವಾಗ ಅಕ್ಕ ನನ್ನ ಕೈ ಹಿಡಿದು ‘ಅವರು ಬರ್ತಾರಾ?’ ಅಂತ ಕೇಳಿದಳು. ನಿಮ್ಮನ್ನು ಒಂದು ಮಾತೂ ಕೇಳದೆ, ‘ಬರ್ತಾರೆ’ ಅಂದುಬಿಟ್ಟಿದ್ದೇನೆ.